ಒಂದೇ ಪೆಡಲ್‌ನ ಇವಿ: ಕರಾವಳಿಯ ಏರು, ಓಣಿ, ಮಳೆಯಲ್ಲಿ ನಿಧಾನಕ್ಕೆ ಓಡಿಸಿ ಸರಿಯಾಗಿ ನಿಲ್ಲಿಸುವ ಬಗೆ

ಎಲೆಕ್ಟ್ರಿಕ್ ಕಾರು ತಗೊಂಡವರಿಗೆ ಬೇಗ ಹಿಡಿಸುವುದು ಒಂದೇ ಪೆಡಲ್‌ನಲ್ಲಿ ಓಡಿಸುವ ಸುಖ. ಒತ್ತಿದರೆ ಹೋಗುತ್ತದೆ, ಕಾಲು ಎತ್ತಿದರೆ ನಿಧಾನವಾಗುತ್ತದೆ. ಸಂಜೆ ಮಂಗಳೂರಿನ ಹಂಪನಕಟ್ಟೆಯ ಟ್ರಾಫಿಕ್‌ನಲ್ಲಿ ಕ್ಲಚ್ ಒತ್ತಿ ಒತ್ತಿ ಮೊಣಕಾಲು ನೋಯಿಸಿಕೊಂಡವರಿಗೆ ಇದು ದೊಡ್ಡ ಸಮಾಧಾನ. ಆದರೆ ಅದೇ ಕಾರನ್ನು ಇಳಿಜಾರಿನ ಗೇಟಿನೊಳಗೆ ತರುವಾಗ, ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ಹಿಂದಕ್ಕೆ ಹಾಕುವಾಗ ಹಲವರಿಗೆ ಕೈ ಬೆವರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ಒಂದೇ ಪೆಡಲ್ ಚೆನ್ನ. ಪಾರ್ಕಿಂಗಿನ ಕೊನೆಯ ಹತ್ತು ಅಡಿಯಲ್ಲಿ ಮಾತ್ರ ಕಾಲು ಬ್ರೇಕಿನ ಮೇಲೇ ಇರಬೇಕು. ಯಾಕೆ, ಹೇಗೆ ಅನ್ನುವುದನ್ನು ನಮ್ಮ ಗುಡ್ಡೆ, ಮಳೆ, ಓಣಿಗಳನ್ನು ಲೆಕ್ಕಕ್ಕೆ ಹಿಡಿದೇ ನೋಡೋಣ.

ಕಾಲು ಎತ್ತಿದಾಗ ಏನಾಗುತ್ತದೆ?

ಓಡುವಾಗ ಮೋಟಾರು ಚಕ್ರವನ್ನು ತಿರುಗಿಸುತ್ತದೆ. ಕಾಲು ಎತ್ತಿದರೆ ಚಕ್ರವೇ ಮೋಟಾರನ್ನು ತಿರುಗಿಸುತ್ತದೆ. ಆಗ ಮೋಟಾರು ಜನರೇಟರ್ ಆಗಿ ಬ್ಯಾಟರಿಗೆ ಕರೆಂಟು ಕಳಿಸುತ್ತದೆ, ಆ ಎಳೆತಕ್ಕೆ ಕಾರಿನ ವೇಗ ಇಳಿಯುತ್ತದೆ. ಇದನ್ನೇ ಎಲ್ಲರೂ ರೀಜೆನ್ ಅನ್ನುವುದು.

ಇದರಲ್ಲಿ ಎರಡು ಬಗೆ ಇದೆ, ವ್ಯತ್ಯಾಸ ಗೊತ್ತಿರಲೇಬೇಕು. ಒಂದು ಬಗೆಯಲ್ಲಿ ಕಾರು ನಿಧಾನವಾಗುತ್ತಾ ಬಂದು, ಕೊನೆಗೆ ಆಟೋಮ್ಯಾಟಿಕ್ ಪೆಟ್ರೋಲ್ ಕಾರಿನ ಹಾಗೆ ತೆವಳುತ್ತಾ ಇರುತ್ತದೆ. ಪೂರ್ತಿ ನಿಲ್ಲಿಸಲು ಬ್ರೇಕ್ ಬೇಕು. ಇನ್ನೊಂದು ಬಗೆಯಲ್ಲಿ ಕಾರು ತಾನೇ ಪೂರ್ತಿ ನಿಂತು, ಅಲ್ಲೇ ಹಿಡಿದುಕೊಳ್ಳುತ್ತದೆ. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, ಐಯಾನಿಕ್ 5, ಕಿಯಾ ಇವಿ6 ಕಾರುಗಳಲ್ಲಿ ಐ-ಪೆಡಲ್ ಅಂತ ಇರುವುದು ಈ ಎರಡನೆಯದು. ಮಹೀಂದ್ರ ಬಿಇ 6ರಲ್ಲೂ ಸಿಂಗಲ್ ಪೆಡಲ್ ಅಂತ ಬೇರೆಯೇ ಆಯ್ಕೆ ಇದೆ. ಟಾಟಾ ನೆಕ್ಸಾನ್ ಇವಿಯಲ್ಲಿ ರೀಜೆನ್‌ಗೆ 0ರಿಂದ 3ರ ತನಕ ಮಟ್ಟಗಳಿವೆ. ಯಾವ ಕಾರೇ ಆಗಲಿ, ರೀಜೆನ್ ಜಾಸ್ತಿ ಇಟ್ಟ ಮಾತ್ರಕ್ಕೆ ಅದು ತಾನಾಗಿ ನಿಂತೇ ನಿಲ್ಲುತ್ತದೆ ಅಂತ ನಂಬಬೇಡಿ.

ವೇಗ ತೀರಾ ಕಡಿಮೆಯಾದಾಗ ರೀಜೆನ್‌ಗೆ ಹಿಡಿಯಲು ಹೆಚ್ಚೇನೂ ಉಳಿದಿರುವುದಿಲ್ಲ. ಪೂರ್ತಿ ನಿಲ್ಲುವ ಕಾರುಗಳಲ್ಲಿ ಆ ಕೊನೆಯ ಕೆಲಸವನ್ನು ಮೋಟಾರೋ, ಮಾಮೂಲಿ ಬ್ರೇಕೋ, ಎರಡೂ ಸೇರಿಯೋ ಮಾಡುತ್ತವೆ. ಕಾರಿನಿಂದ ಕಾರಿಗೆ ಆ ಕೊನೆಯ ಒಂದೆರಡು ಅಡಿ ಬೇರೆ ಬೇರೆ ಅನ್ನಿಸುವುದು ಇದಕ್ಕೇ. ಸ್ನೇಹಿತರ ಇವಿ ಓಡಿಸಿ ಗೊತ್ತಿದೆ ಅಂತ ನಿಮ್ಮ ಇವಿಯೂ ಹಾಗೇ ನಿಲ್ಲಬೇಕೆಂದಿಲ್ಲ.

ಇನ್ನೊಂದು ಮುಖ್ಯ ಸಂಗತಿ. ಬ್ಯಾಟರಿ ಪೂರ್ತಿ ತುಂಬಿದ್ದರೆ ಅದಕ್ಕೆ ಹೊಸ ಕರೆಂಟು ತಗೊಳ್ಳಲು ಜಾಗ ಇರುವುದಿಲ್ಲ, ಹಾಗಾಗಿ ರೀಜೆನ್ ತಗ್ಗುತ್ತದೆ. ರಾತ್ರಿ ಶೇ. 100ಕ್ಕೆ ಚಾರ್ಜ್ ಮಾಡಿ ಬೆಳಿಗ್ಗೆ ಕದ್ರಿ ಗುಡ್ಡೆ ಇಳಿಯುವಾಗ ಕಾಲು ಎತ್ತಿದರೂ ಕಾರು ನಿನ್ನೆಯಷ್ಟು ನಿಧಾನವಾಗದೆ ಇರಬಹುದು. ಕೆಲವು ಕಾರುಗಳು ಆಗ ಮಾಮೂಲಿ ಬ್ರೇಕನ್ನು ತಾವೇ ಸೇರಿಸಿಕೊಂಡು ಸರಿದೂಗಿಸುತ್ತವೆ, ಕೆಲವು ಸರಿದೂಗಿಸುವುದಿಲ್ಲ. ಮನೆ ಗುಡ್ಡೆಯ ಮೇಲಿದ್ದರೆ ದಿನನಿತ್ಯಕ್ಕೆ 80-90ಕ್ಕೆ ಚಾರ್ಜಿಂಗ್ ನಿಲ್ಲಿಸುವುದು ಈ ದೃಷ್ಟಿಯಿಂದಲೂ ಒಳ್ಳೆಯದು. ಆಗುಂಬೆಯ 14 ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವವರು ಘಾಟಿಯ ಮೇಲೆ ಬ್ಯಾಟರಿ ಭರ್ತಿ ಮಾಡಿಕೊಂಡು ಹೊರಡಬಾರದು ಅನ್ನುವುದಕ್ಕೂ ಕಾರಣ ಇದೇ.

ಮೊದಲು ಖಾಲಿ ಜಾಗದಲ್ಲಿ ಕಾರಿನ ಗುಣ ತಿಳಿಯಿರಿ

ವಾರದ ನಡುವಿನ ದಿನ ಬೆಳಿಗ್ಗೆ ಬೇಗ ಪಣಂಬೂರು ಅಥವಾ ಮಲ್ಪೆ ಬೀಚಿನ ಪಾರ್ಕಿಂಗ್ ಜಾಗಕ್ಕೆ ಹೋಗಿ. ಜನ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಇಷ್ಟನ್ನು ಒಂದೊಂದಾಗಿ ನೋಡಿ:

ಡಿ ಗೇರಿನಲ್ಲಿ, ಅಂದರೆ ಮುಂದಕ್ಕೆ ಹೋಗುವ ಗೇರಿನಲ್ಲಿ, ಬ್ರೇಕ್ ಬಿಟ್ಟರೆ ಕಾರು ತಾನಾಗಿ ತೆವಳುತ್ತದಾ, ನಿಂತೇ ಇರುತ್ತದಾ? ಒಂದೇ ಪೆಡಲ್ ಆನ್ ಇದ್ದಾಗ, ಆಫ್ ಇದ್ದಾಗ ಎರಡೂ ನೋಡಿ.

ರಿವರ್ಸ್‌ನಲ್ಲಿ? ಇದು ಬಹಳ ಮುಖ್ಯ. ಮುಂದಕ್ಕೆ ಹೋಗುವಾಗ ತಾನೇ ನಿಲ್ಲುವ ಕೆಲವು ಕಾರುಗಳು ರಿವರ್ಸ್‌ನಲ್ಲಿ ನಿಲ್ಲುವುದಿಲ್ಲ, ತೆವಳುತ್ತವೆ. ಮುಂದಕ್ಕೆ ಹೋಗುವ ಅಭ್ಯಾಸದಲ್ಲೇ ಹಿಂದಕ್ಕೂ ಕಾಲು ಎತ್ತಿ ಸುಮ್ನೆ ಕೂತರೆ ಕಾರು ಗೋಡೆಯ ಕಡೆಗೆ ಹೋಗುತ್ತಲೇ ಇರುತ್ತದೆ.

ಕಾರು ಆಫ್ ಮಾಡಿ ಆನ್ ಮಾಡಿದ ಮೇಲೆ ನೀವು ಇಟ್ಟ ಸೆಟ್ಟಿಂಗ್ ಉಳಿಯುತ್ತದಾ, ಅಥವಾ ಹಳೆಯದಕ್ಕೆ ಮರಳುತ್ತದಾ? ಡ್ರೈವ್ ಮೋಡ್ ಬದಲಿಸಿದರೆ ರೀಜೆನ್ ಕೂಡ ಬದಲಾಗುತ್ತದಾ? ಒಂದೇ ಕಾರನ್ನು ಮನೆಯಲ್ಲಿ ಮೂರು ಜನ ಓಡಿಸುವುದಾದರೆ ಇದು ಮೂವರಿಗೂ ಗೊತ್ತಿರಬೇಕು. ಇಕೋದಲ್ಲಿ ಬಿಟ್ಟ ಕಾರು ಸ್ಪೋರ್ಟ್‌ನಲ್ಲಿ ಸಿಕ್ಕರೆ ಅದೇ ಒತ್ತಡಕ್ಕೆ ಕಾರು ಹಾರಿದ ಹಾಗಾಗುತ್ತದೆ.

ಇನ್ನು ಅಭ್ಯಾಸ. ಪೆಡಲ್‌ನಲ್ಲಿ ಒಂದು ನಡುವಿನ ಜಾಗ ಇದೆ. ಅಲ್ಲಿ ಮೋಟಾರು ಎಳೆಯುವುದೂ ಇಲ್ಲ, ತಡೆಯುವುದೂ ಇಲ್ಲ. ಡಿಸ್‌ಪ್ಲೇಯ ಪವರ್ ಮೀಟರಿನಲ್ಲಿ ಮುಳ್ಳು ಪವರ್ ಮತ್ತು ಚಾರ್ಜ್ ನಡುವೆ ನಿಲ್ಲುವ ಜಾಗ ಅದು. 20 ಕಿ.ಮೀ. ವೇಗದಲ್ಲಿ ಕಾಲನ್ನು ಆ ಜಾಗದಲ್ಲಿ ಹಿಡಿದಿಡಲು ಕಲಿಯಿರಿ. ಅದು ಪಾದಕ್ಕೆ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿಯಿತು. ಕಾಲನ್ನು ಟಕ್ಕಂತ ಎತ್ತಬೇಡಿ, ಮೆಲ್ಲಗೆ ಸಡಿಲಿಸಿ. ಟಕ್ಕಂತ ಎತ್ತಿದರೆ ಹಿಂದೆ ಕೂತ ಅಜ್ಜಿಯ ತಲೆ ಮುಂದಕ್ಕೆ ಬಾಗುತ್ತದೆ, ಮಗುವಿಗೆ ವಾಂತಿ ಬರುತ್ತದೆ.

ಆಮೇಲೆ ನೆಲದ ಮೇಲೆ ಒಂದು ಮಡಲು ಅಡ್ಡ ಹಾಕಿ. ತೆಂಗಿನ ಮಡಲು ನಮ್ಮಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ಚಕ್ರ ಹತ್ತಿದರೆ ಕಾರಿಗೆ ಏನೂ ಆಗುವುದಿಲ್ಲ, ಆದರೆ ಚರಕ್ ಅಂತ ಸದ್ದು ಕೇಳುತ್ತದೆ. ಗರಿಯ ಕಡೆಯನ್ನು ಚಕ್ರದ ದಾರಿಗೆ ಬರುವಂತೆ ಇಡಿ, ಗಟ್ಟಿ ದಿಂಡಿನ ಕಡೆ ಬೇಡ. ಮುಂದಿನ ಚಕ್ರ ಮಡಲಿಗೆ ಒಂದು ಗೇಣು ಇರುವಾಗ ನಿಲ್ಲಿಸಿ, ಇಳಿದು ನೋಡಿ. ಮೊದಲಿಗೆ ಎರಡು ಮೂರು ಅಡಿ ಹಿಂದೆಯೇ ನಿಲ್ಲಿಸಿರುತ್ತೀರಿ, ಯಾಕೆಂದರೆ ಬಾನೆಟ್ ಎಲ್ಲಿ ಮುಗಿಯುತ್ತದೆ ಅಂತ ಸೀಟಿನಿಂದ ಕಾಣುವುದಿಲ್ಲ. ಮುಂದಕ್ಕೆ ಸರಿಯಾಗಿ ಬಂದ ಮೇಲೆ ಹಿಂದಕ್ಕೂ ಅದನ್ನೇ ಮಾಡಿ: ಮೊದಲು ಕ್ಯಾಮೆರಾ ನೋಡಿಕೊಂಡು, ಆಮೇಲೆ ಸೈಡ್ ಮಿರರ್ ಮಾತ್ರ ನೋಡಿಕೊಂಡು.

ಹಿಮ್ಮಡಿ ಎಲ್ಲಿರಬೇಕು?

ರಸ್ತೆಯಲ್ಲಿ ಓಡಿಸುವಾಗ ಹಿಮ್ಮಡಿ ಆಕ್ಸಿಲರೇಟರಿನ ಎದುರು ಇರುತ್ತದೆ, ಅದು ಸರಿಯೇ. ಪಾರ್ಕಿಂಗಿಗೆ ಬಂದ ಕೂಡಲೇ ಹಿಮ್ಮಡಿಯನ್ನು ಬ್ರೇಕಿನ ಎದುರು ಊರಿ. ಅಲ್ಲಿಂದ ಪಾದದ ಮುಂಭಾಗ ಮಾತ್ರ ಬಲಕ್ಕೆ ತಿರುಗಿ ಆಕ್ಸಿಲರೇಟರ್ ಮುಟ್ಟಿ ಬರಲಿ. ಗಾಬರಿಯಾದಾಗ ಪಾದ ಹಿಮ್ಮಡಿ ಇದ್ದ ಕಡೆಗೇ ವಾಪಸ್ ಬರುತ್ತದೆ.

ಎಡಗಾಲು ಬ್ರೇಕಿಗೆ ಬೇಡ. ವರ್ಷಗಟ್ಟಲೆ ಕ್ಲಚ್ ಒತ್ತಿದ ಎಡಗಾಲಿಗೆ ಜೋರಾಗಿ ಪೂರ್ತಿ ಒತ್ತುವುದೇ ರೂಢಿ. ಮಳೆಗಾಲದಲ್ಲಿ ಒದ್ದೆ ಹವಾಯಿ ಚಪ್ಪಲಿಯಲ್ಲಿ ಓಡಿಸಬೇಡಿ, ಹಿಮ್ಮಡಿಯ ಪಟ್ಟಿ ಇರುವ ಸ್ಯಾಂಡಲ್ ಒಂದು ಕಾರಿನಲ್ಲೇ ಇರಲಿ.

ಟ್ರಾಫಿಕ್‌ನಲ್ಲಿ

ನಂತೂರು, ಕೊಟ್ಟಾರ ಚೌಕಿ, ಉಡುಪಿಯ ಕಲ್ಸಂಕ. ಇಂಥ ಕಡೆ ಒಂದೇ ಪೆಡಲ್ ನಿಜಕ್ಕೂ ಉಪಕಾರಿ. ಎದುರಿನ ಗಾಡಿಯಿಂದ ಸ್ವಲ್ಪ ಜಾಸ್ತಿ ಅಂತರ ಇಟ್ಟುಕೊಂಡು, ಪಾದವನ್ನು ಆ ನಡುವಿನ ಜಾಗದ ಆಚೀಚೆ ಆಡಿಸುತ್ತಾ ಹೋಗಿ. ಸಿಟಿ ಬಸ್ ಮುಂದಿದ್ದರೆ ಅದು ಸ್ಟಾಪಿಗಿಂತ ಮೊದಲೂ ನಿಲ್ಲಬಹುದು, ನಂತರವೂ ನಿಲ್ಲಬಹುದು ಅಂತಲೇ ಲೆಕ್ಕ ಹಾಕಿ.

ಹಿಂದಿನವರ ಬಗ್ಗೆಯೂ ಯೋಚಿಸಿ. ನೀವು ಬ್ರೇಕ್ ಮುಟ್ಟದೆ ನಿಧಾನವಾದಾಗ ಬ್ರೇಕ್ ಲೈಟ್ ಹತ್ತುತ್ತದಾ? ವಿಶ್ವಸಂಸ್ಥೆಯ ವಾಹನ ನಿಯಮಗಳ ಪ್ರಕಾರ ರೀಜೆನ್‌ನಿಂದ ಗಂಟೆಯ ಲೆಕ್ಕದ ವೇಗ ಪ್ರತಿ ಸೆಕೆಂಡಿಗೆ ಸುಮಾರು 4.7 ಕಿ.ಮೀ.ಗಿಂತ ಜಾಸ್ತಿ ಇಳಿಯುತ್ತಿದ್ದರೆ ಲೈಟ್ ಹತ್ತಲೇಬೇಕು, ಸುಮಾರು 2.5 ಕಿ.ಮೀ.ಗಿಂತ ಮೆಲ್ಲಗೆ ಇಳಿಯುತ್ತಿದ್ದರೆ ಹತ್ತುವ ಹಾಗಿಲ್ಲ. ನಡುವೆ ಏನು ಮಾಡಬೇಕು ಅನ್ನುವುದು ಕಂಪನಿಗೆ ಬಿಟ್ಟದ್ದು. ರಾತ್ರಿ ಹಿಂದೆ ಇನ್ನೊಂದು ಗಾಡಿಯಲ್ಲಿ ಮನೆಯವರನ್ನು ಬರಹೇಳಿ ಒಮ್ಮೆ ನೋಡಿಸಿಕೊಳ್ಳಿ. ಮೆಲ್ಲಗೆ ನಿಲ್ಲುವಾಗ ಹಿಂದೆ ಸ್ಕೂಟರ್ ಅಂಟಿಕೊಂಡು ಬರುತ್ತಿದ್ದರೆ ಬ್ರೇಕಿಗೆ ಪಾದ ಸ್ವಲ್ಪ ತಾಗಿಸಿದರೆ ಸಾಕು, ಲೈಟ್ ಕಾಣುತ್ತದೆ.

ಸದ್ದಿನ ವಿಷಯವೂ ಇದೆ. ಯುರೋಪಿನಲ್ಲಿ 2021ರ ಜುಲೈಯಿಂದ ಮಾರುವ ಪ್ರತಿ ಹೊಸ ಎಲೆಕ್ಟ್ರಿಕ್ ಕಾರೂ ನಿಧಾನ ಹೋಗುವಾಗ ಸದ್ದು ಮಾಡಲೇಬೇಕು. ನಮ್ಮಲ್ಲಿ ಓಡುವ ಕೆಲವು ಇವಿಗಳಲ್ಲಿ ಆ ಸದ್ದು ಇದೆ, ಕೆಲವದರಲ್ಲಿ ಇಲ್ಲ. ದೇವಸ್ಥಾನದ ರಥಬೀದಿಯ ಸುತ್ತ ಹೂ ಕೊಳ್ಳುವವರು, ಫೋಟೋ ತೆಗೆಯುವವರು, ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯಕ್ಕೆ ಉಡುಪಿಗೆ ಬರುವ ಜನಸಾಗರ, ಇವರ್ಯಾರಿಗೂ ನಿಮ್ಮ ಕಾರು ಹಿಂದೆ ಬಂದದ್ದು ಗೊತ್ತೇ ಆಗುವುದಿಲ್ಲ. ಹಾರ್ನ್ ಹೊಡೆದು ಬೆಚ್ಚಿಬೀಳಿಸುವ ಬದಲು ಗಾಜು ಇಳಿಸಿ "ಸ್ವಲ್ಪ ದಾರಿ ಕೊಡಿ" ಅಂದರೆ ಆಯ್ತು.

ಏರು, ಇಳಿಜಾರು, ಪಾಚಿ

ಏರಿನಲ್ಲಿ ಕಾಲು ಎತ್ತಿದರೆ ಕಾರು ಬೇಗ ನಿಲ್ಲುತ್ತದೆ, ಇಳಿಜಾರಿನಲ್ಲಿ ತಡವಾಗಿ. ಸಮತಟ್ಟಾದ ಜಾಗದಲ್ಲಿ ಪಾದಕ್ಕೆ ಆದ ಅಂದಾಜು ಎರಡೂ ಕಡೆ ತಪ್ಪುತ್ತದೆ. ಮಣಿಪಾಲದಿಂದ ಉಡುಪಿ ಕಡೆಗೆ ಇಳಿಯುವಾಗ ಸಿಗ್ನಲ್ ಕಂಡ ಕೂಡಲೇ ಪಾದವನ್ನು ಬ್ರೇಕಿನ ಮೇಲೆ ತಂದಿಟ್ಟುಕೊಳ್ಳುವುದು ವಾಸಿ.

ಏರಿನಲ್ಲಿ ನಿಂತು ಹೊರಡುವಾಗ ಆಟೋ ಹೋಲ್ಡ್ ಇದ್ದರೆ ಹಾಕಿಕೊಳ್ಳಿ. ಹಿಲ್ ಹೋಲ್ಡ್ ಬೇರೆ, ಆಟೋ ಹೋಲ್ಡ್ ಬೇರೆ. ಹಿಲ್ ಹೋಲ್ಡ್ ಕೆಲವೇ ಸೆಕೆಂಡು ಹಿಡಿದು ಬಿಟ್ಟುಬಿಡುತ್ತದೆ. ಆಟೋ ಹೋಲ್ಡ್ ನೀವು ಆಕ್ಸಿಲರೇಟರ್ ಒತ್ತುವ ತನಕ ಹಿಡಿದಿರುತ್ತದೆ. ಎರಡೂ ಇಲ್ಲದ ಕಾರಾದರೆ ಹ್ಯಾಂಡ್‌ಬ್ರೇಕ್ ಹಾಕಿ, ಕಾರು ಮುಂದಕ್ಕೆ ಎಳೆಯುವುದು ಗೊತ್ತಾದ ಮೇಲೆ ಬಿಡಿ.

ಮಳೆ ಬಂದ ಮೇಲೆ ಕತೆ ಬೇರೆ. ಜೋರು ಮಳೆಯ ಆಟಿ ತಿಂಗಳಲ್ಲಿ ಮನೆಯೆದುರಿನ ಇಂಟರ್‌ಲಾಕ್, ಕಾಂಕ್ರೀಟ್ ಇಳಿಜಾರು ಎಲ್ಲ ಪಾಚಿ ಹಿಡಿದಿರುತ್ತದೆ. ಒಂದೇ ಮೋಟಾರಿರುವ ಕಾರಿನಲ್ಲಿ ರೀಜೆನ್ ತಡೆಯುವುದು ಮೋಟಾರು ಇರುವ ಎರಡು ಚಕ್ರಗಳನ್ನು ಮಾತ್ರ, ಬ್ರೇಕಿನ ಹಾಗೆ ನಾಲ್ಕನ್ನೂ ಅಲ್ಲ. ನೆಕ್ಸಾನ್ ಇವಿ, ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ ಮೋಟಾರು ಮುಂದಿನ ಚಕ್ರಗಳಿಗೆ, ಬಿಇ 6ರಲ್ಲಿ ಹಿಂದಿನವಕ್ಕೆ. ಇಳಿಯುವಾಗ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಹಾಗಾಗಿ ಪಾಚಿಯ ಇಳಿಜಾರಿನಲ್ಲಿ ರೀಜೆನ್ ಕಡಿಮೆ ಇಡಿ, ಬ್ರೇಕನ್ನು ಮೆತ್ತಗೆ, ಬೇಗನೆ ಹಾಕಲು ಶುರು ಮಾಡಿ. ಹತ್ತುವಾಗ ಮುಂದಿನ ಚಕ್ರಗಳು ಜಾರುತ್ತಿದ್ದರೆ ಇನ್ನಷ್ಟು ಒತ್ತಬೇಡಿ. ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುವುದು ಎಲೆಕ್ಟ್ರಿಕ್ ಮೋಟಾರಿನ ಗುಣ. ಒತ್ತಿದಷ್ಟೂ ಚಕ್ರ ಸುಮ್ನೆ ಸುತ್ತುತ್ತದೆ. ಇಕೋ ಮೋಡ್ ಹಾಕಿ, ಕಾಲು ಸಡಿಲಿಸಿ, ಮತ್ತೆ ಮೆಲ್ಲಗೆ ಒತ್ತಿ. ಮಳೆ ಬಿಟ್ಟ ದಿನ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ಪಾಚಿ ತೆಗೆಯುವುದು ಎಲ್ಲಕ್ಕಿಂತ ಉತ್ತಮ.

ಪಾರ್ಕಿಂಗ್: ಕೊನೆಯ ಹತ್ತು ಅಡಿ

ಇಲ್ಲಿ ಬ್ರೇಕೇ ಬೇಕು ಅನ್ನಲು ಎರಡು ಕಾರಣ.

ಮೊದಲನೆಯದು ನಮ್ಮ ದೇಹದ್ದು. ಗೇಟಿನ ಮರೆಯಿಂದ ಮಗು ಓಡಿಬಂದರೆ, ಸ್ಕೂಟರ್ ಅಡ್ಡ ಬಂದರೆ ಕಾಲು ತನ್ನಿಂದ ತಾನೇ ಬಿಗಿಯಾಗುತ್ತದೆ. ಆಗ ಪಾದ ಬ್ರೇಕಿನ ಮೇಲಿದ್ದರೆ ಕಾರು ನಿಲ್ಲುತ್ತದೆ. ಆಕ್ಸಿಲರೇಟರಿನ ಮೇಲಿದ್ದರೆ ಹಾರುತ್ತದೆ. ಕ್ರೆಟಾ ಎಲೆಕ್ಟ್ರಿಕ್‌ನ ದೊಡ್ಡ ಬ್ಯಾಟರಿಯ ಮಾದರಿಗೆ 255, ಬಿಇ 6ಕ್ಕೆ 380 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಅದರ ಮುಂದೆ ಹತ್ತು ಅಡಿ ಏನೂ ಅಲ್ಲ.

ಎರಡನೆಯದು ನೆಲದ್ದು. ಮಂಗಳೂರಿನ ಎಷ್ಟೋ ಮನೆಗಳ ಗೇಟಿನ ಎದುರು ಚರಂಡಿ, ಅದರ ಮೇಲೆ ಕಾಂಕ್ರೀಟ್ ಚಪ್ಪಡಿ. ಚಪ್ಪಡಿಯ ಅಂಚು ರಸ್ತೆಗಿಂತ ಒಂದಿಂಚು ಎತ್ತರ ಇರುತ್ತದೆ. ಚಕ್ರ ಆ ಅಂಚಿಗೆ ಬಂದು ನಿಲ್ಲುತ್ತದೆ. ನೀವು ಸ್ವಲ್ಪ ಒತ್ತುತ್ತೀರಿ, ಹತ್ತುವುದಿಲ್ಲ. ಇನ್ನೂ ಸ್ವಲ್ಪ ಒತ್ತುತ್ತೀರಿ. ಪೆಟ್ರೋಲ್ ಕಾರಾದರೆ ಎಂಜಿನ್ ಗುರ್ ಅಂತ ಎಚ್ಚರಿಸುತ್ತಿತ್ತು. ಇಲ್ಲಿ ಸದ್ದೇ ಇಲ್ಲ. ಚಕ್ರ ಅಂಚು ದಾಟಿದ ಕ್ಷಣ ಅಷ್ಟೂ ಎಳೆತಕ್ಕೆ ಮುಂದೆ ತಡೆಯೇ ಇರುವುದಿಲ್ಲ. ಕಾರು ಒಮ್ಮೆಲೇ ಎರಡು ಮೀಟರ್ ನುಗ್ಗುತ್ತದೆ, ಎದುರಿಗೆ ತುಳಸಿಕಟ್ಟೆಯೋ ಕೆಂಪುಕಲ್ಲಿನ ಗೋಡೆಯೋ ಇರುತ್ತದೆ. ಕಾಲು ಎತ್ತಿದರೆ ರೀಜೆನ್ ನಿಲ್ಲಿಸುತ್ತದಲ್ವಾ ಅಂದರೆ, ಅಷ್ಟು ಜಾಗದಲ್ಲಿ ಕಾಲು ಎತ್ತುವಷ್ಟೂ ಹೊತ್ತು ಸಿಗುವುದಿಲ್ಲ.

ಹಾಗಾದರೆ ಹೇಗೆ? ಗೇಟು ತಲುಪುವ ಮೊದಲೇ ಪೂರ್ತಿ ನಿಲ್ಲಿಸಿ. ಒಂದೇ ಪೆಡಲ್ ಆಫ್ ಮಾಡಿ, ಅಥವಾ ರೀಜೆನ್ ಕಡಿಮೆ ಇಟ್ಟು ಕಾರು ತಾನಾಗಿ ತೆವಳುವ ಹಾಗೆ ಮಾಡಿಕೊಳ್ಳಿ. ಹಾಡು, ಎಸಿ ಸದ್ದು ತಗ್ಗಿಸಿ, ಗಾಜು ಇಳಿಸಿ. ಟಯರ್ ಕಲ್ಲಿಗೆ ತಾಗುವ ಸದ್ದು ಕಿವಿಗೆ ಬೀಳಬೇಕು. ಸಮತಟ್ಟಾದ ಜಾಗದಲ್ಲಿ ವೇಗವನ್ನು ಬ್ರೇಕಿನಿಂದಲೇ ಆಳಿ: ಸ್ವಲ್ಪ ಬಿಟ್ಟರೆ ಹೋಗುತ್ತದೆ, ಒತ್ತಿದರೆ ನಿಲ್ಲುತ್ತದೆ, ಆಕ್ಸಿಲರೇಟರ್ ಬೇಕೇ ಇಲ್ಲ. ಚಪ್ಪಡಿಯ ಅಂಚಿಗೆ ಚಕ್ರ ನಿಂತುಬಿಟ್ಟರೆ ಅಲ್ಲೇ ಒತ್ತಬೇಡಿ. ಎರಡು ಅಡಿ ಹಿಂದೆ ಬಂದು, ಸ್ವಲ್ಪ ಓರೆಯಾಗಿ ಬನ್ನಿ. ಒಂದು ಚಕ್ರ ಮೊದಲು, ಇನ್ನೊಂದು ಆಮೇಲೆ ಹತ್ತಿದರೆ ಕಡಿಮೆ ಎಳೆತ ಸಾಕು. ಅಂಚಿಗೆ ಸಿಮೆಂಟ್ ಹಾಕಿ ಇಳಿಜಾರು ಮಾಡಿಸಿಬಿಟ್ಟರೆ ದಿನಾ ಈ ಕಷ್ಟವೇ ಇಲ್ಲ.

ತೆವಳುವ ಆಯ್ಕೆಯೇ ಇಲ್ಲದ ಕಾರಾದರೆ, ಅಥವಾ ಜಾಗ ಏರಾಗಿದ್ದರೆ ಆಕ್ಸಿಲರೇಟರ್ ಮುಟ್ಟಲೇಬೇಕಾಗುತ್ತದೆ. ಹಿಮ್ಮಡಿ ಬ್ರೇಕಿನ ಎದುರೇ ಇರಲಿ. ಹೆಬ್ಬೆರಳಿನ ಬದಿಯಿಂದ ಆಕ್ಸಿಲರೇಟರ್ ಚೂರು ಒತ್ತಿ, ಕಾರು ಅಲುಗಿದ ಕೂಡಲೇ ಬಿಟ್ಟು ಬ್ರೇಕಿನ ಮೇಲೆ ಬನ್ನಿ. ಪ್ರತಿ ಸಲವೂ ಹೀಗೇ. ನೋಡುವವರಿಗೆ ತಡ ಅನ್ನಿಸಿದರೆ ಅನ್ನಿಸಲಿ.

ರಿವರ್ಸ್ ಹಾಕುವಾಗ ಒಂದು ಎಚ್ಚರ ಬೇಕು. ಕಾರು ಇನ್ನೂ ಸ್ವಲ್ಪ ಉರುಳುತ್ತಿರುವಾಗ ಡಿಯಿಂದ ಆರ್‌ಗೆ ತಿರುಗಿಸಿದರೆ ಕೆಲವು ಕಾರುಗಳು ಒಪ್ಪುವುದಿಲ್ಲ. ಹಳೆಯ ಗೇರಿನಲ್ಲೇ ಉಳಿಯಬಹುದು, ನ್ಯೂಟ್ರಲ್‌ಗೂ ಹೋಗಬಹುದು. ನಿಮಗೋ ರಿವರ್ಸ್ ಬಿತ್ತು ಅಂತಲೇ ಭಾವನೆ. ಹಾಗಾಗಿ ಪ್ರತಿ ಸಲ ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿ, ಗೇರ್ ಬದಲಿಸಿ, ಡಿಸ್‌ಪ್ಲೇಯಲ್ಲಿ ಆರ್ ಅಕ್ಷರ ಕಂಡ ಮೇಲೆಯೇ ಬ್ರೇಕ್ ಸಡಿಲಿಸಿ.

ಕ್ಯಾಮೆರಾದ ಬಣ್ಣದ ಗೆರೆಗಳು ಸಮತಟ್ಟಾದ ನೆಲಕ್ಕೆ ಲೆಕ್ಕ ಹಾಕಿದವು. ಹಿಂದಿನ ನೆಲ ಏರುತ್ತಾ ಹೋದರೆ ಗೋಡೆ ನಿಜಕ್ಕಿಂತ ದೂರ ಇದ್ದ ಹಾಗೆ ಕಾಣುತ್ತದೆ, ಇಳಿಯುತ್ತಾ ಹೋದರೆ ಹತ್ತಿರ ಕಾಣುತ್ತದೆ. ಗುಡ್ಡೆ ಕಡಿದು ಮನೆ ಕಟ್ಟಿದ ಬಿಜೈ, ಕದ್ರಿಯಂಥ ಕಡೆ ಮೊದಲನೆಯದೇ ಅಪಾಯ. ಮಳೆಹನಿ ಕೂತರೆ ಕ್ಯಾಮೆರಾ ಮಬ್ಬಾಗುತ್ತದೆ, ಹತ್ತಿಬಟ್ಟೆಯೊಂದು ಬಾಗಿಲ ಸಂದಿಯಲ್ಲಿ ಇರಲಿ. ಸೆನ್ಸರ್‌ಗೆ ತೆಳ್ಳಗಿನ ಕಬ್ಬಿಣದ ಕಂಬ, ಗಿಡ್ಡ ಕಲ್ಲು, ಲಾರಿಯ ಹಿಂದೆ ಚಾಚಿದ ಸರಳು ಸಿಗದೆ ಹೋಗಬಹುದು. ಬೀಪ್ ಬರಲಿಲ್ಲ ಅಂದರೆ ಹಿಂದೆ ಏನೂ ಇಲ್ಲ ಅಂತ ಅಲ್ಲ.

ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುವವರು ಇದ್ದರೆ ಮೊದಲೇ ಮಾತಾಡಿಕೊಳ್ಳಿ. "ನೀವು ಗೋಡೆಗೂ ಕಾರಿಗೂ ನಡುವೆ ನಿಲ್ಲಬೇಡಿ ಮಾರಾಯ್ರೆ, ಬದಿಗೆ ಬನ್ನಿ, ನನಗೆ ಮಿರರಿನಲ್ಲಿ ಕಾಣಬೇಕು" ಅಂತ ಹೇಳಿ. ಅವರು ಕಾಣದೆ ಹೋದ ಕ್ಷಣ ಕಾರು ನಿಲ್ಲಬೇಕು.

ರಸ್ತೆಬದಿಯ ಸಾಲು ಪಾರ್ಕಿಂಗ್‌ಗೂ ಕ್ರಮ ಇದೇ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ಮಾತ್ರ ಒಂದೇ ಪೆಡಲ್ ಇರಲಿ, ಕೆಳಗೆ ಸಮತಟ್ಟಾದ ಜಾಗ ಸಿಕ್ಕ ಮೇಲೆ ಆಫ್ ಮಾಡಿದರೆ ಸಾಕು.

ನಿಂತ ಮೇಲೆ

ಒಂದೇ ಪೆಡಲ್ ಕಾರನ್ನು ಹಿಡಿದು ನಿಲ್ಲಿಸಿದೆ ಅಂದರೆ ಪಾರ್ಕ್ ಆಯಿತು ಅಂತ ಅಲ್ಲ. ಕಾರು ಇನ್ನೂ ಡಿಯಲ್ಲೇ ಇದೆ. ಎಂಜಿನ್ ಸದ್ದು ಇಲ್ಲದ ಕಾರಣ ಆಫ್ ಆಗಿದೆ ಅನ್ನಿಸಿ ಇಳಿದುಬಿಡುವ ಸಾಧ್ಯತೆ ಉಂಟು. ಬ್ರೇಕ್ ಒತ್ತಿ, ಪಾರ್ಕಿಂಗ್ ಬ್ರೇಕ್ ಹಾಕಿ, ಆಮೇಲೆ ಪಿ, ಆಮೇಲೆ ಆಫ್. ರೆಡಿ ದೀಪ ಆರಿದ್ದು ನೋಡಿಯೇ ಬಾಗಿಲು ತೆರೆಯಿರಿ. ಇಳಿಜಾರಿನಲ್ಲಿ ಪಿ ಮೊದಲು ಹಾಕಿದರೆ ಕಾರಿನ ಭಾರವೆಲ್ಲ ಒಳಗಿನ ಚಿಕ್ಕ ಲಾಕಿನ ಮೇಲೆ ಬೀಳುತ್ತದೆ, ಬಿಡಿಸುವಾಗ ಟಕ್ ಅಂತ ಜೋರು ಸದ್ದು ಬರುತ್ತದೆ. ಪಾರ್ಕಿಂಗ್ ಬ್ರೇಕ್ ಮೊದಲು ಹಾಕಿದರೆ ಭಾರ ಅದರ ಮೇಲೆ ನಿಲ್ಲುತ್ತದೆ. ಕಡಿದಾದ ಜಾಗದಲ್ಲಿ ಚಕ್ರಕ್ಕೆ ಕಲ್ಲು ಇಡುವುದೂ ಒಳ್ಳೆಯದೇ. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ, ರಾತ್ರಿ ಬೈಕಿನವರು ಬೀಳುತ್ತಾರೆ.

ಬ್ರೇಕ್ ಡಿಸ್ಕಿಗೂ ಕೆಲಸ ಕೊಡಿ

ಒಂದೇ ಪೆಡಲ್‌ನಲ್ಲೇ ಓಡಿಸಿದರೆ ಮಾಮೂಲಿ ಬ್ರೇಕಿಗೆ ಕೆಲಸವೇ ಇರುವುದಿಲ್ಲ. ಕಡಲ ಉಪ್ಪು ಗಾಳಿ, ಮಳೆಗಾಲದ ತೇವ ಎರಡೂ ಸೇರಿ ಡಿಸ್ಕಿಗೆ ಬೇಗ ತುಕ್ಕು ಹಿಡಿಯುತ್ತದೆ. ಪಾರ್ಕಿಂಗಿನಲ್ಲಿ ನೀವು ನಂಬಬೇಕಾದದ್ದು ಅದೇ ಬ್ರೇಕನ್ನು. ವಾರಕ್ಕೊಮ್ಮೆಯಾದರೂ ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ರೀಜೆನ್ ಸೊನ್ನೆಗೆ ಇಟ್ಟು, 40-50ರ ವೇಗದಿಂದ ಕೆಲವು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ. ಮೊದಲಿಗೆ ಕರಕರ ಸದ್ದು ಬಂದು ಆಮೇಲೆ ನಿಂತರೆ ಮೇಲಿನ ತುಕ್ಕು ಹೋಯಿತು ಅಂತ ತಿಳಿಯಿರಿ. ಸದ್ದು ಹೋಗದಿದ್ದರೆ, ಅಥವಾ ಪೆಡಲ್ ನಡುಗಿದರೆ ತೋರಿಸಿ. ಸರ್ವೀಸಿಗೆ ಕೊಡುವಾಗ ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ಸಲೀಸಾಗಿ ಜರುಗುತ್ತದಾ ನೋಡಿ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ಪ್ಯಾಡ್ ಸವೆದಿಲ್ಲ, ಆದ್ದರಿಂದ ಬಿಚ್ಚುವುದು ಬೇಡ ಅಂದರೆ ಒಪ್ಪಬೇಡಿ. ಇವಿಯಲ್ಲಿ ಪ್ಯಾಡ್ ಸವೆಯುವುದಕ್ಕಿಂತ ಅಂಟಿಕೊಳ್ಳುವುದೇ ನಮ್ಮ ಕಡೆಯ ತೊಂದರೆ.